ಮೊದಲ ತುತ್ತು ಯಾರದು

ನಾವಿದ್ದ ಮನೆಯಲ್ಲಿ ಅಡುಗೆ ಮಾಡಿದವನೇ ಮೊದಲು ಉಣ್ಣಬೇಕಿತ್ತು. ತಟ್ಟೆ ಹಿಡಿದು ಮೂಲೆಗೆ ಹೋಗುವಂತಿಲ್ಲ. ಉಳಿದವರೆಲ್ಲ ಸಾಲಾಗಿ ಕುಳಿತು ನೋಡುತ್ತಿರುವಾಗ ಎದುರು ನಿಂತು, ಮಾಡಿದ ಪ್ರತಿಯೊಂದರಿಂದಲೂ ಒಂದು ತುತ್ತು ಬಾಯಿಗೆ ಹಾಕಿ, ಅಗಿದು, ನುಂಗಬೇಕು. ಆಮೇಲೆಯೇ ಉಳಿದವರ ಊಟ.

ಮನೆ ಮದರಾಸಿನ ಉತ್ತರದ ತುದಿಯಲ್ಲಿರುವ ತಿರುವೊಟ್ಟಿಯೂರಿನಲ್ಲಿತ್ತು. ಕೆಳಗೆ ಬಲೆಯ ನೂಲು ಮಾರುವ ಅಂಗಡಿ, ಮಹಡಿಯ ಮೇಲೆ ನಾವು. ಕುಡಿತ ಬಿಡಿಸುವ ಆಸ್ಪತ್ರೆಯಿಂದ ಹೊರಬಂದಿದ್ದರೂ ಇನ್ನೂ ಮನೆ ಸೇರದ ಕೆಲವು ಗಂಡಸರು ಅಲ್ಲಿ ಒಟ್ಟಿಗೆ ಇದ್ದೆವು. ಬಟ್ಟೆ ಒಗೆಯುವುದು, ಕಕ್ಕಸು ತೊಳೆಯುವುದು, ಹೇಳಿದ ಹೊತ್ತಿಗೆ ಏಳುವುದು, ಗ್ಯಾಸ್ ಮುಗಿಯುವ ಮೊದಲೇ ಸಿಲಿಂಡರಿಗೆ ಹೇಳಿಡುವುದು, ಇವೆಲ್ಲ ಅಲ್ಲಿನ ಪಾಠಗಳು. ಕುಡಿಯುವವನಿಗೆ ಕುಡಿಯುವುದನ್ನು ಬಿಡುವುದು ಗೊತ್ತಾದ ಮೇಲೆ ಉಳಿದ ಹೊತ್ತಿನಲ್ಲಿ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ಅದಕ್ಕೆ ಈ ಮನೆ.

ಮನೆಯನ್ನು ನೋಡಿಕೊಳ್ಳುತ್ತಿದ್ದ ವಾರ್ಡನ್ ಬಂದರಿನಲ್ಲಿ ಕ್ರೇನ್ ನಡೆಸಿದವರು, ತಾವೂ ಕುಡಿದು ಬಿಟ್ಟವರು. ಅವರ ತಮಿಳನ್ನು ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ತಿರುಗದ ಮಾತುಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಮೊದಲ ತುತ್ತಿನ ನಿಯಮ ಯಾಕೆಂದು ನಾನು ಬಂದ ಹೊಸದರಲ್ಲಿ ಕೇಳಿದ್ದೆ.

"ಒಬ್ಬ ಇದ್ದ ಸಾರ್, ನಿಮಗಿಂತ ಮುಂಚೆ. ಚಟ್ನಿಯಲ್ಲಿ ಮಾತ್ರೆ ಅರೆದು ಹಾಕಿ ಎಲ್ಲರನ್ನೂ ಮಲಗಿಸಿ ಹೊರಗೆ ಹೋದ. ಅವತ್ತಿನಿಂದ ಈ ರೂಲು."

"ನಂಬಿಕೆ ಇರಬೇಕು ಅಂತ ಗೋಡೆ ಮೇಲೆ ಬರೆದಿದ್ದೀರಲ್ಲ."

"ಅದು ಗೋಡೆಗೆ. ನಂಬಿಕೆಯೆಲ್ಲ ಅಪ್ಪುರಂ. ಮೊದಲು ಸಾಪ್ಪಿಡುಂಗೊ," ಎಂದರು. ನಂಬಿಕೆ ಆಮೇಲೆ, ಮೊದಲು ಊಟ ಮಾಡಿ ಎಂದರ್ಥ.

ಈ ನಿಯಮ ನನಗೆ ತಕ್ಷಣ ಹಿಡಿಸಿತು. ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿದವನು. ವರದಿಗಾರರು ತಂದದ್ದನ್ನು ಅನುಮಾನದಿಂದ ಓದುವುದೇ ನನ್ನ ಉದ್ಯೋಗ. ನಮ್ಮದು ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡದ ವೈಷ್ಣವ ಮನೆ. ದೇವರಿಗೆ ನೈವೇದ್ಯ ಆಗುವವರೆಗೆ ಯಾರೂ ಅಡುಗೆ ಮುಟ್ಟದ ಮನೆ. ನನ್ನ ಹೆಂಡತಿಯ ತವರೂ ಅಂಥದ್ದೇ. ಅಡ್ಯಾರಿನ ನಮ್ಮ ಫ್ಲ್ಯಾಟಿನಲ್ಲಿ ಒಂದು ಮಧ್ಯಾಹ್ನ ಊಟ ಮುಗಿಸಿ, ಸ್ನೇಹಿತನ ಮನೆಗೆ ಹೋಗಿ ಕುಡಿದೆ. ಸ್ವಲ್ಪ ಹೊತ್ತಿಗೆ ಮುಖ ಕೆಂಪಾಯಿತು, ಎದೆ ನಗಾರಿಯಂತೆ ಬಡಿದುಕೊಂಡಿತು, ವಾಂತಿಯಾಯಿತು, ಕಣ್ಣು ಕತ್ತಲಿಟ್ಟಿತು. ಆಸ್ಪತ್ರೆಯಲ್ಲಿ ಡಾಕ್ಟರು ಹೆಂಡತಿಯನ್ನು ಕರೆದು, ಏನಾದರೂ ಕೊಟ್ಟಿದ್ದೀರಾ ಎಂದು ಒಂದೇ ಪ್ರಶ್ನೆ ಕೇಳಿದರು. ಅವಳು ಕೈಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

ಅದು ಕುಡಿತ ಬಿಡಿಸುವ ಪುಡಿ. ಬಣ್ಣವಿಲ್ಲ, ವಾಸನೆಯಿಲ್ಲ. ಹೊಟ್ಟೆಯಲ್ಲಿ ಅದು ಇರುವಾಗ ಕುಡಿದರೆ ದೇಹ ತಿರುಗಿಬೀಳುತ್ತದೆ. ಕುಡಿಯದಿದ್ದರೆ ಏನೂ ಗೊತ್ತಾಗುವುದಿಲ್ಲ. 'ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಬಹುದು' ಎಂಬ ಜಾಹೀರಾತು ನೋಡಿ ತರಿಸಿದ್ದಳು. ಜಾಹೀರಾತು ಬಂದದ್ದು ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಒಳಪುಟದಲ್ಲಿ.

ಡಾಕ್ಟರು ಅವಳನ್ನು ಗದರಿದರು. ರೋಗಿಗೆ ಹೇಳದೆ ಇದನ್ನು ಕೊಟ್ಟರೆ ಜೀವವೇ ಹೋಗಬಹುದು ಎಂದರು. ಅವಳು ನನ್ನ ಕಡೆ ತಿರುಗಿ ಹೇಳಿದಳು: "ಹೇಳಿದ್ರೆ ನೀವು ತಿಂತಿದ್ರಾ? ನಿಮ್ಮ ಒಳ್ಳೇದಕ್ಕೇ ಅಲ್ವಾ?"

ನಮ್ಮ ಹಳಬರು ಇದಕ್ಕೆ ಮದ್ದು ಹಾಕುವುದು ಎನ್ನುತ್ತಿದ್ದರು. ಯಾರೋ ಯಾರಿಗೋ ಊಟದಲ್ಲಿ ಮದ್ದು ಹಾಕಿದರಂತೆ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ, ಎಂದೂ ನಂಬಿರಲಿಲ್ಲ. ಈಗ ಪೊಟ್ಟಣವನ್ನೇ ನೋಡಿದ್ದೆ. ಆಮೇಲೆ ಮನೆಯಲ್ಲಿ ನಾನು ಸಿಪ್ಪೆ ಇರುವ ಹಣ್ಣು, ಒಡೆಯದ ಬಿಸ್ಕತ್ತಿನ ಪೊಟ್ಟಣ, ಎದುರಿಗೇ ಕೆತ್ತಿಸಿದ ಎಳನೀರು, ಇಷ್ಟರಲ್ಲೇ ದಿನ ಕಳೆದೆ. ಅವಳು ನನ್ನ ಲೋಟ ಮೂಸುತ್ತಿದ್ದಳು, ನಾನು ಅವಳ ಹುಳಿ ಮೂಸುತ್ತಿದ್ದೆ. ಒಂದು ದಿನ ತಟ್ಟೆಯನ್ನು ಅವಳ ಕಡೆ ತಳ್ಳಿ, "ನೀನು ಮೊದಲು ತಿನ್ನು," ಎಂದೆ.

"ನಾನು ಆಮೇಲೆ ತಿಂತೀನಿ," ಎಂದಳು.

"ಈಗ ಒಂದು ತುತ್ತು."

"ನೀವಿನ್ನೂ ಉಂಡಿಲ್ಲ. ನಾನು ಹೆಂಗ್ರೀ ತಿನ್ನೋದು?"

ತಿನ್ನಲಿಲ್ಲ. ನನಗೆ ಅಷ್ಟು ಸಾಕಾಯಿತು. ಮದ್ದು ಇನ್ನೂ ನಿಂತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ ಎಂದುಕೊಂಡೆ. ಕುಡಿತವನ್ನಂತೂ ಬಿಡಲಿಲ್ಲ, ಮನೆಯ ಊಟವನ್ನು ಬಿಟ್ಟೆ. ಕೊನೆಗೆ ಕುಡಿತ ಬಿಡಿಸುವ ಆಸ್ಪತ್ರೆ, ಅಲ್ಲಿಂದ ತಿರುವೊಟ್ಟಿಯೂರು.

ಈ ಮನೆಯಲ್ಲಿ ನನ್ನ ಅವಧಿ ಮುಗಿಯುತ್ತ ಬಂದಾಗ ಹೆಂಡತಿ ಫೋನಿನಲ್ಲಿ ಒಂದು ಷರತ್ತು ಹಾಕಿದಳು. ಅವಳೊಂದು ಭಾನುವಾರ ಬರುತ್ತಾಳೆ. ನಾನು ನನ್ನ ಕೈಯಾರೆ ಅಡುಗೆ ಮಾಡಿ ಬಡಿಸಬೇಕು. ನಾನು ಹೇಗಿದ್ದೇನೆಂದು ನೋಡಿ, ಮನೆಗೆ ಬರಬಹುದೋ ಇಲ್ಲವೋ ಎಂಬುದನ್ನು ಅವಳು ಆಗ ಹೇಳುತ್ತಾಳೆ.

"ಅಡಿಗೆ ಯಾಕೆ?" ಎಂದು ಕೇಳಿದೆ.

"ಮಾತು ನಿಮಗೆ ಚೆನ್ನಾಗಿ ಬರತ್ತೆ. ಅದನ್ನ ನೋಡಿ ನೋಡಿ ಪೋದುಂ, ಸಾಕು ಅನ್ನಿಸಿಬಿಟ್ಟಿದೆ," ಎಂದಳು.

ನನಗೆ ಅನ್ನ ಮಾಡುವುದೂ ಗೊತ್ತಿರಲಿಲ್ಲ. ಅಡುಗೆಯ ಸರದಿಗೆ ಬದಲು ಪಾತ್ರೆ ತೊಳೆದು ಇಷ್ಟು ದಿನ ತಪ್ಪಿಸಿಕೊಂಡಿದ್ದೆ. ಕಲಿಯಬೇಕಾಯಿತು.

ಕಲಿಸಲು ಮುಂದೆ ಬಂದವನು ನನ್ನ ಕೋಣೆಯಲ್ಲೇ ಇದ್ದ, ನನಗಿಂತ ಆಮೇಲೆ ಬಂದು ಸೇರಿದ ಕರಾವಳಿಯವನು. ಅವನ ದೊಡ್ಡಪ್ಪನದು ನಗರದಲ್ಲಿ ಸಸ್ಯಾಹಾರಿ ಹೋಟೆಲು. ಇವನು ಗಲ್ಲಾದ ಮೇಲೆ ಕುಳಿತವನು. ಅಡುಗೆಮನೆಯನ್ನು ದೂರದಿಂದ ನೋಡಿ ಕಲಿತಿದ್ದ. ಹಾಗಾಗಿ ಅವನ ಅಳತೆಗಳೆಲ್ಲ ಹೋಟೆಲಿನವು. ಮೊದಲ ಬಾರಿ ಅವನು ಮಾಡಿದ ಸಾಂಬಾರು ಮನೆಯ ಎಲ್ಲ ಪಾತ್ರೆಗಳನ್ನೂ ತುಂಬಿ ಬಕೆಟ್ಟಿಗೂ ಬಂದಿತ್ತು.

"ಇಷ್ಟಕ್ಕೆ ಇಷ್ಟೇ ಬೇಳೆ ಅಂತ ಲೆಕ್ಕ ಉಂಟು ಮಾರಾಯ್ರೆ. ಕಮ್ಮಿ ಮಾಡಿದ್ರೆ ರುಚಿ ಬರುದಿಲ್ಲ," ಎಂದು ಸಮಜಾಯಿಷಿ ಕೊಟ್ಟ.

"ನಾವು ಐದು ಜನ."

"ಬಾಕಿಯವ್ರು ಬರ್ತಾರೆ ಬಿಡಿ."

"ಯಾರು ಬರ್ತಾರೆ? ಇದು ಹೋಟೆಲಾ?"

"ಅದೇ ನೋಡಿ, ಗಿರಾಕಿ ಇಲ್ದೆ ಸಾಂಬಾರು ಮಾಡಿ ಅಭ್ಯಾಸ ಇಲ್ಲ ನನಗೆ."

ತರಕಾರಿ ಕೊಳ್ಳುವ ಪಾಠಕ್ಕೆ ವಾರ್ಡನ್ ನಮ್ಮಿಬ್ಬರನ್ನು ಕೋಯಂಬೇಡಿನ ಸಗಟು ಮಾರುಕಟ್ಟೆಗೆ ಕಳಿಸುತ್ತಿದ್ದರು. ಅಲ್ಲಿ ಅವನು ಮೂಟೆಯ ಮುಂದೆ ನಿಂತು ಬದನೆಕಾಯಿ ಒತ್ತಿ ನೋಡುವ ಗತ್ತಿಗೆ ವ್ಯಾಪಾರಿಗಳು ದೊಡ್ಡ ಗಿರಾಕಿಯೆಂದು ಎದ್ದು ನಿಲ್ಲುತ್ತಿದ್ದರು. ಕೊನೆಗೆ ಒಂದು ಚೀಲದಷ್ಟು ಕೊಂಡಾಗ ಬೈಯುತ್ತಿದ್ದರು. ನಾನು ಬದನೆಕಾಯಿಯ ತೊಟ್ಟು ನೋಡುವುದನ್ನು, ಬೆಂಡೆಕಾಯಿಯ ತುದಿ ಮುರಿಯುವುದನ್ನು ಕಲಿತೆ. ಕುಕ್ಕರ್ ಕೂಗುವ ಮೊದಲು ಉಸಿರು ಬಿಡುವ ಸದ್ದು ಬೇರೆ, ಕೂಗುವ ಸದ್ದು ಬೇರೆ ಎಂಬುದೂ ನನಗೆ ಆಗಲೇ ಗೊತ್ತಾದದ್ದು. ಬಸ್ಸಿನ ಕಿಟಕಿಯಿಂದ ವೈನ್ ಶಾಪಿನ ಸಾಲು ಕಂಡಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದೆವು.

ಅವನ ಅಡುಗೆಯಲ್ಲಿ ಒಂದು ಜಗಳವಿತ್ತು. ಕರಾವಳಿಯ ರೂಢಿಯಂತೆ ಸಾಂಬಾರಿಗೆ ಬೆಲ್ಲ ಹಾಕಿದ. ತಮಿಳು ಹುಡುಗರು "ಇದು ಸಾಂಬಾರಾ, ಪಾಯಸಮಾ?" ಎಂದು ತಟ್ಟೆ ಬಡಿದರು. ವಾರ್ಡನ್‌ಗೆ ಸಕ್ಕರೆ ಕಾಯಿಲೆ ಬೇರೆ. ಇನ್ನು ಮೇಲೆ ಬೆಲ್ಲ ಬೇಡ ಎಂದರು. ಅವನು ತಲೆಯಾಡಿಸಿದ. ವಿಷಯ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು.

ನಾನು ಅಂದುಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಲ್ಲ ನನ್ನ ತಲೆಯಲ್ಲೇ ಇರಲಿಲ್ಲ. ನಾನು ಗಮನಿಸಿದ್ದು ಬೇರೆ. ಅವನ ಸರದಿಯ ದಿನ ಮೊದಲ ತುತ್ತಿನ ಹೊತ್ತಿಗೆ ಅವನು ಅನ್ನ ಕಲಸಿ ಕೈಯೆತ್ತುತ್ತಿದ್ದ, ಅಷ್ಟರಲ್ಲಿ ಕೆಮ್ಮುತ್ತಿದ್ದ, ಅಥವಾ ಒಲೆಯ ಮೇಲೆ ಏನೋ ಉಕ್ಕಿತೆಂದು ಒಳಗೆ ಓಡುತ್ತಿದ್ದ. ಹಿಂದಿರುಗಿ ಬಂದಾಗ ಬಾಯಿ ಆಡಿಸುತ್ತಿದ್ದ. ವಾರ್ಡನ್ ಸರಿ ಎನ್ನುತ್ತಿದ್ದರು. ನಾನು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ನೋಡಿದರೆ ಕಸದ ಬುಟ್ಟಿಯಲ್ಲಿ ಆ ತುತ್ತು ಹಾಗೆಯೇ ಬಿದ್ದಿರುತ್ತಿತ್ತು.

ಇನ್ನೊಂದು ವಿಷಯ. ಮೇಲಿನ ಗೂಡಿನಲ್ಲಿ, ಅರಿಶಿನದ ಡಬ್ಬದ ಹಿಂದೆ, ಅವನದೊಂದು ಬಟ್ಟೆಯ ಗಂಟಿತ್ತು. ಸಾಂಬಾರು ಕುದಿಯುವಾಗ ಅವನು ನನ್ನನ್ನು ಏನಾದರೂ ತರಲು ಹೊರಗೆ ಕಳಿಸುತ್ತಿದ್ದ. ಕರಿಬೇವು, ಕೊತ್ತಂಬರಿ, ಒಮ್ಮೆ ಬೆಂಕಿಪೆಟ್ಟಿಗೆ. ಬೆಂಕಿಪೆಟ್ಟಿಗೆ ಒಲೆಯ ಪಕ್ಕದಲ್ಲೇ ಇತ್ತು. ನಾನು ಹೋಗಿ ಬರುವಷ್ಟರಲ್ಲಿ ಗಂಟು ಇದ್ದ ಜಾಗದಿಂದ ಸ್ವಲ್ಪ ಸರಿದಿರುತ್ತಿತ್ತು.

ಬಿಚ್ಚಿ ನೋಡಬಹುದಿತ್ತು. ನೋಡಲಿಲ್ಲ. ನಾನು ಮುಟ್ಟಿದ ಮೇಲೆ ಅದು ಸಾಕ್ಷ್ಯವಾಗಿ ಉಳಿಯುವುದಿಲ್ಲ ಎಂದು ಡೆಸ್ಕಿನ ಬುದ್ಧಿ ಹೇಳಿತು. ನೋಡಲು ಹೆದರಿಕೆಯೂ ಇತ್ತು. ಅವನ ಸರದಿಯ ದಿನ ಊಟ ಬಿಟ್ಟು ಬಿಸ್ಕತ್ತಿನ ಪೊಟ್ಟಣ ಒಡೆಯಲು ಮತ್ತೆ ಶುರುಮಾಡಿದೆ. ಹೊಟ್ಟೆ ಸರಿಯಿಲ್ಲ ಎಂದೆ.

"ಹೊಟ್ಟೆಯಾ, ತಲೆಯಾ?" ಎಂದು ವಾರ್ಡನ್ ಕೇಳಿದರು.

ಅವರನ್ನು ಬಾಲ್ಕನಿಗೆ ಕರೆದೊಯ್ದು ಹೇಳಿದೆ. ನಾನು ನೋಡಿದ್ದು ಇದು, ನೋಡದೆ ಇದ್ದದ್ದು ಇದು, ನನ್ನ ಊಹೆ ಇದು ಎಂದು ಬೇರೆ ಬೇರೆ ಮಾಡಿ ಹೇಳಿದೆ. ಅವರು ಸಮುದ್ರದ ಕಡೆ ನೋಡುತ್ತ ಕೇಳಿಸಿಕೊಂಡರು.

"ನಿಮ್ಮ ಊಹೆ ನಿಜವಾದರೆ ಅವನು ಇವತ್ತೇ ಹೊರಗೆ. ಸುಳ್ಳಾದರೆ?"

"ತಪ್ಪಾಯಿತು ಅಂತ ಅಚ್ಚು ಹಾಕೋಣ."

"ಅದು ಪೇಪರ್‌ಗೆ ಸರಿ ಸಾರ್. ಇಲ್ಲಿ ಅವನ ಪಕ್ಕದಲ್ಲೇ ಮಲಗಬೇಕು ನೀವು."

ಅವನ ಮುಂದಿನ ಸರದಿಯ ದಿನ ವಾರ್ಡನ್ ಅವನ ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತರು. ಅವನು ಕಲಸಿ ಕೈಯೆತ್ತಿದ, ಕೆಮ್ಮಿದ. ವಾರ್ಡನ್ ಕೆಮ್ಮು ಮುಗಿಯುವವರೆಗೆ ಕಾದರು. ಒಲೆಯ ಮೇಲೆ ಉಕ್ಕುತ್ತಿದೆ ಎಂದ. ಒಲೆ ಆರಿಸಿದೆ ಎಂದರು. ಅವನ ಕೈಯಿಂದ ಸಾಂಬಾರು ಮೊಣಕೈಗೆ ಇಳಿಯಿತು.

"ಏನಪ್ಪಾ, ವಿಷವಾ?"

"ಥೂ, ಎಂತ ಮಾತು ಇದು!"

"ಹಾಗಾದ್ರೆ ನುಂಗು."

ಅವನು ನುಂಗಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: "ನೀವಾದ್ರೂ ಹೇಳಿ ಮಾರಾಯ್ರೆ ಇವರಿಗೆ. ನಿಮ್ಮ ಮನೆಯಲ್ಲೂ ಉಂಟಲ್ಲ ಇದು. ಬಡಿಸುವವ ಮೊದಲು ಉಂಡ್ರೆ ಎಲ್ಲ ಎಂಜಲು. ನಾನು ಎಂಜಲು ಮಾಡಿ ನಿಮಗೆಲ್ಲ ಬಡಿಸುದಾ? ನನ್ನ ಅಮ್ಮ ಉಪ್ಪು ಸಮೇತ ನೋಡುದಿಲ್ಲ, ಮೂಸಿಯೂ ನೋಡುದಿಲ್ಲ."

ಮಾತು ತಮಿಳಿಗೆ ತಿರುಗಿಸಬೇಕಾದವನು ನಾನು. ನನಗೆ ಅದು ಗೊತ್ತಿತ್ತು. ನನ್ನ ಅಜ್ಜಿಯೂ ನನ್ನ ತಾಯಿಯೂ ಸೌಟಿನಿಂದ ಎಂದೂ ರುಚಿ ನೋಡಿದವರಲ್ಲ. ಬಡಿಸಿದ ಮೇಲೆ ಎಲೆಯ ಮುಂದೆ ನಿಂತು, ಉಪ್ಪು ಸರಿಯಿದೆಯಾ ಎಂದು ಕೇಳುವರು. ಗಂಡಸರು ಎದ್ದ ಮೇಲೆಯೇ ತಮ್ಮ ಎಲೆ ಹಾಕಿಕೊಳ್ಳುವರು. ನನ್ನ ಹೆಂಡತಿಯೂ ಹಾಗೆಯೇ. ನಾನು ಅದನ್ನು ಅಪರಾಧದ ಲಕ್ಷಣವೆಂದು ಓದಿದ್ದೆ. ಇನ್ನೊಂದು ಊರಿನವನು, ಇನ್ನೊಂದು ಜಾತಿಯವನು ಹಾಗೆ ಓದಿದ್ದರೆ ಆಶ್ಚರ್ಯವಿಲ್ಲ.

ನಾನು ತಿರುಗಿಸಿ ಹೇಳಿದೆ. ವಾರ್ಡನ್ ತಲೆಯಾಡಿಸಿ, "ಸರಿ. ಗಂಟಿನಲ್ಲಿ ಏನಿದೆ?" ಎಂದರು.

ಅವನ ಮುಖ ಬದಲಾಯಿತು. ಎದ್ದು ಹೋಗಿ ಗೂಡಿನಿಂದ ಗಂಟು ತಂದು ನೆಲದ ಮೇಲೆ ಬಿಚ್ಚಿದ. ಕಪ್ಪಗಿನ ಒಂದು ಅಚ್ಚು ಬೆಲ್ಲ. ಒಂದು ಬದಿ ಕೆರೆದು ಕೆರೆದು ಗುಂಡಿ ಬಿದ್ದಿತ್ತು.

ಹುಡುಗರು ನಕ್ಕರು. ವಾರ್ಡನ್ ನಗಲಿಲ್ಲ.

"ಬೇಡ ಅಂದಿದ್ದೆನಲ್ಲ?"

"ಸ್ವಲ್ಪ ಅಷ್ಟೆ. ಬೆಲ್ಲ ಇಲ್ದಿದ್ರೆ ಅದು ಸಾಂಬಾರೇ ಅಲ್ಲ. ಹೇಳಿದ್ರೆ ನೀವು ತಿಂತಿದ್ರಾ? ಒಳ್ಳೇದಕ್ಕೇ ಅಲ್ವಾ ಮಾರಾಯ್ರೆ."

"ಅಡಪ್ಪಾವಿ! ಅದಕ್ಕೇ ನನ್ನ ಶುಗರು ಏರ್ತಾ ಇದೆ. ಡಾಕ್ಟರು ನಾನೇ ಕದ್ದು ಸ್ವೀಟ್ ತಿಂತೀನಿ ಅಂತ ಬೈದರು. ಹೆಂಡತಿ ಅದನ್ನೇ ನಂಬಿದಳು. ನಾನು ಸತ್ಯ ಹೇಳಿದರೂ ಯಾರೂ ನಂಬಲಿಲ್ಲ!"

ಬೆಲ್ಲವನ್ನು ಕೆಳಗಿನ ಅಂಗಡಿಯವರಿಗೆ ಕೊಟ್ಟಾಯಿತು. ಅವನನ್ನು ಹೊರಗೆ ಹಾಕಲಿಲ್ಲ. ಅವನ ಎಂಜಲಿನ ತೊಡಕಿಗೆ ವಾರ್ಡನ್ ದಾರಿ ಹುಡುಕಿದರು: ಬಡಿಸುವ ಮೊದಲೇ ಸ್ವಲ್ಪ ಸ್ವಲ್ಪ ತೆಗೆದು ಬೇರೆ ಬಟ್ಟಲಿಗೆ ಹಾಕುವುದು, ಅವನು ಆ ಬಟ್ಟಲಿನಿಂದ ತಿನ್ನುವುದು, ದೊಡ್ಡ ಪಾತ್ರೆಗೆ ಎಂಜಲು ತಾಗುವುದಿಲ್ಲ. ಅವನು ಒಪ್ಪಿದ. ಅಂದು ಕೋಣೆಗೆ ಬಂದವನೇ ನನ್ನ ಮುಖ ನೋಡದೆ, "ಪೇಪರಿನವ್ರ ಪಕ್ಕ ಮಲಗುದು ಪೊಲೀಸ್ ಸ್ಟೇಷನ್ನಲ್ಲಿ ಮಲಗಿದ ಹಾಗೆ," ಎಂದ.

ನನಗೆ ಉಳಿದದ್ದು ಬೇರೆ ಯೋಚನೆ. ಅವನು ಉಣ್ಣದಿದ್ದುದಕ್ಕೆ ಸಂಪ್ರದಾಯ ಕಾರಣ, ನಿಜ. ಅವನು ನಮಗೆ ಹೇಳದೆ ಏನನ್ನೋ ಬೆರೆಸುತ್ತಿದ್ದುದೂ ನಿಜ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಹೆಂಡತಿ ಮೊದಲ ತುತ್ತು ತಿನ್ನದಿದ್ದುದು ಸಾಕ್ಷಿಯಲ್ಲ ಎಂದು ಈಗ ಒಪ್ಪುತ್ತೇನೆ. ಸಾಕ್ಷಿ ಇಲ್ಲ ಎಂದರೆ ಮದ್ದೂ ಇರಲಿಲ್ಲ ಎಂದಲ್ಲ. ಆಸ್ಪತ್ರೆಯ ಆ ದಿನದ ನಂತರ ಅವಳು ನಿಲ್ಲಿಸಿದಳೋ ಇಲ್ಲವೋ ಎಂದು ನಾನು ಎಂದೂ ಕೇಳಿರಲಿಲ್ಲ. ಕೇಳುವುದೇ ನನ್ನ ಉದ್ಯೋಗವಾಗಿತ್ತು.

ಭಾನುವಾರ ಅವಳು ಮೆಟ್ರೋದಲ್ಲಿ ಬಂದಳು. ಬೆವರು ಒರೆಸಿಕೊಳ್ಳುವ ಮೊದಲೇ ಬಚ್ಚಲಿಗೆ ಹೋಗಿ ನೋಡಿದಳು.

"ಇದನ್ನ ನೀವೇ ತೊಳೀತೀರಾ?"

"ವಾರಕ್ಕೊಮ್ಮೆ ನನ್ನ ಸರದಿ."

"ಚುಮ್ಮಾ ಹೇಳ್ಬೇಡಿ. ನಾನು ಬರ್ತೀನಿ ಅಂತ ತೊಳೆದಿರೋದು."

"ಇವತ್ತು ನನ್ನ ಸರದಿಯಲ್ಲ."

"ಹಾಗಾದ್ರೆ ಬೇರೆಯವರ ಕೆಲಸ ತೋರಿಸ್ತಿದೀರಾ ನಂಗೆ?"

ಈ ವಾದದಲ್ಲಿ ಗೆಲ್ಲುವ ದಾರಿ ಇರಲಿಲ್ಲ. ಅವಳು ನನ್ನ ಕಪಾಟು ತೆಗೆದಳು, ಮಡಿಸಿಟ್ಟ ಅಂಗಿಗಳ ನಡುವೆ ಕೈಹಾಕಿದಳು, ನೀರಿನ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಕದ್ದು ಮಾಡಲಿಲ್ಲ, ನನ್ನ ಮುಖ ನೋಡುತ್ತಲೇ ಮಾಡಿದಳು. ಕರಾವಳಿಯವನು ಬಾಗಿಲಲ್ಲಿ ನಿಂತು, "ನೀರು ಮಾರಾಯ್ರೆ, ಬರೀ ನೀರು," ಎಂದು ನನ್ನ ಪರವಾಗಿ ಹೇಳಿದ.

"ನೀವು ಯಾರು?" ಎಂದಳು.

"ನಾನಾ? ಸಾಂಬಾರಿಗೆ ಬೆಲ್ಲ ಹಾಕುವವ," ಎಂದು ಹೇಳಿ ಅವನು ಕೆಳಗಿಳಿದು ಹೋದ.

ನಾನು ಅನ್ನ, ಬದನೆಕಾಯಿ ಹುಳಿ, ಎಲೆಕೋಸಿನ ಪಲ್ಯ ಮಾಡಿದ್ದೆ. ಉಳಿದವರು ತಮ್ಮ ಊಟ ಬೇಗ ಮುಗಿಸಿ ನಮಗೆ ಕೋಣೆ ಬಿಟ್ಟಿದ್ದರು. ಬಡಿಸಿದೆ. ಇಬ್ಬರೂ ತಟ್ಟೆಯ ಮುಂದೆ ಕುಳಿತೆವು. ಮನೆಯ ನಿಯಮದಂತೆ ನಾನು ಮೊದಲು ತಿನ್ನಬೇಕು. ನಾನು ಬೆಳೆದ ರೀತಿಯಂತೆ ಬಂದವಳು ಮೊದಲು ತಿನ್ನಬೇಕು.

"ಏನು ನೋಡ್ತಿದೀರಿ? ತಿನ್ನಿ," ಎಂದಳು.

"ಇಲ್ಲಿ ಅಡಿಗೆ ಮಾಡಿದವನು ಮೊದಲು ತಿನ್ನಬೇಕು ಅಂತ ರೂಲು."

"ಒಳ್ಳೇ ರೂಲು. ಯಾರು ಮಾಡಿದ್ದು?"

"ಮಾತ್ರೆ ಹಾಕಿದವನ ದೆಸೆಯಿಂದ ಬಂದದ್ದು."

ಅವಳ ಮುಖದಲ್ಲಿ ಏನೋ ಹಾದುಹೋಯಿತು. ನಾನು ಚುಚ್ಚಲೆಂದೇ ಹೇಳಿದೆನೋ ಎಂದು ಯೋಚಿಸಿದಳೆಂದು ಕಾಣುತ್ತದೆ. ನಾನು ಹುಳಿಯನ್ನ ಕಲಸಿ ತಿಂದೆ. ಅವಳು ನನ್ನ ಗಂಟಲು ಇಳಿಯುವವರೆಗೆ ನೋಡಿದಳು. ಆಮೇಲೆ ತನ್ನ ತಟ್ಟೆಯಿಂದ ಒಂದು ತುತ್ತು ತಿಂದಳು. ಬದನೆಕಾಯಿ ಒಳಗೆ ಬೆಂದಿಲ್ಲ ಎಂದಳು. ಪಲ್ಯ ಪರವಾಗಿಲ್ಲ ಎಂದಳು. ನಾಲ್ಕು ತುತ್ತಿನ ನಂತರ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದಳು. ಮೊಸರನ್ನ ತಂದಿದ್ದಳು.

"ನಾನು ಮಾಡಿದ್ದರ ಮೇಲೆ ನಂಬಿಕೆ ಇರಲಿಲ್ಲವಾ?"

"ನೀವು ಮಾಡ್ತೀರಿ ಅನ್ನೋದರ ಮೇಲೇ ನಂಬಿಕೆ ಇರಲಿಲ್ಲ."

ಡಬ್ಬಿಯ ಅರ್ಧವನ್ನು ನನ್ನ ತಟ್ಟೆಗೆ ಹಾಕಿದಳು. ಸಾಸಿವೆ, ಕರಿಬೇವು, ಬಿಳಿ ಮೊಸರು. ನನ್ನ ಕೈ ನಿಂತಿತು. ಅವಳು ಅದನ್ನು ನೋಡಿದಳು.

ನಾನು ಕೇಳಿದೆ: "ಇದರಲ್ಲಿ ಏನಾದರೂ ಇದೆಯಾ?"

ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಇಷ್ಟು ದಿನ ಆದಮೇಲೆ ಕೇಳ್ತಿದೀರಾ?"

"ಈಗ ಕೇಳ್ತಿದೀನಿ."

"ಇಲ್ಲ."

"ಆಸ್ಪತ್ರೆ ಆದಮೇಲೆ?"

"ಆಸ್ಪತ್ರೆ ಆದಮೇಲೆ ಒಂದು ಸಲ ಹಾಕ್ಬೇಕು ಅಂತ ಕೈಗೆ ತೊಗೊಂಡೆ. ಡಾಕ್ಟರ್ ಹೇಳಿದ್ದು ಜ್ಞಾಪಕ ಬಂತು. ಸಿಂಕಿಗೆ ಸುರಿದೆ. ನೀವು ಸತ್ತುಹೋದ್ರೆ ಜನ ನನ್ನ ಏನಂತಾರೆ ಅಂತ ಭಯ ಆಯ್ತು. ನಿಮ್ಮ ಮೇಲಿನ ಪ್ರೀತಿ ಅಂತ ಅಂದ್ಕೋಬೇಡಿ." ಡಬ್ಬಿಯ ಮುಚ್ಚಳ ಹಾಕಿ, "ಈಗ ನಾನು ಕೇಳ್ತೀನಿ. ನೀವು ನಿಜವಾಗ್ಲೂ ಬಿಟ್ಟಿದೀರಾ?"

"ಬಿಟ್ಟಿದೀನಿ."

"ಹಿಂದೇನೂ ಹಾಗೇ ಅಂದಿದ್ರಿ."

"ಹೌದು."

ಇಬ್ಬರ ಉತ್ತರಕ್ಕೂ ಇನ್ನೊಬ್ಬ ಸಾಕ್ಷಿ ಇರಲಿಲ್ಲ. ಡೆಸ್ಕಿನಲ್ಲಾಗಿದ್ದರೆ ಎರಡನ್ನೂ ತಡೆಹಿಡಿಯುತ್ತಿದ್ದೆ. ಮೊಸರನ್ನ ತಟ್ಟೆಯಲ್ಲಿ ನೀರು ಬಿಡತೊಡಗಿತ್ತು. ತಿಂದೆ.

"ಉಪ್ಪು ಸರಿಯಿದೆಯಾ? ನಾನು ನೋಡಿಲ್ಲ," ಎಂದಳು.

"ಕಡಿಮೆ."

"ಅನ್ಕೊಂಡೆ."

ತಟ್ಟೆ ತೊಳೆದೆ. ಅವಳು ಹಿಂದೆ ನಿಂತು ನೋಡಿದಳು, ಒಂದು ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿ ಜಿಡ್ಡು ತೋರಿಸಿದಳು. ಮತ್ತೆ ತೊಳೆದೆ. ಆಮೇಲೆ ತೀರ್ಪು ಹೇಳಿದಳು.

"ಈಗಲೇ ಮನೆಗೆ ಬೇಡ ರೀ."

ಕಾರಣವನ್ನೂ ಅವಳೇ ಹೇಳಿದಳು: "ನೀವಿಲ್ಲದಾಗ ನಾನು ಬಾಗಿಲಿನ ಸದ್ದು ಕೇಳಿಸ್ಕೊಳ್ಳೋದು ಬಿಟ್ಟಿದೀನಿ. ಲೋಟ ಮೂಸೋದು ಬಿಟ್ಟಿದೀನಿ. ಇವತ್ತು ಇಲ್ಲಿ ಬಂದು ಮತ್ತೆ ಶುರು ಮಾಡಿದೆ, ನೀವೇ ನೋಡಿದ್ರಲ್ಲ. ನಂಗೂ ಬಿಡೋದು ಕಲಿಯೋಕೆ ಟೈಮ್ ಬೇಕು. ಭಾನುವಾರ ಭಾನುವಾರ ಬನ್ನಿ. ಊಟ ಮಾಡ್ಕೊಂಡು ಸಂಜೆ ಇಲ್ಲಿಗೆ ವಾಪಸ್ ಬಂದುಬಿಡಿ."

"ಅಡಿಗೆ ಯಾರು ಮಾಡೋದು?"

"ನಾನು. ನೀವು ಅಡಿಗೆಮನೇಲಿ ನಿಂತ್ಕೊಂಡು ನೋಡಿ. ಏನು ಹಾಕ್ತೀನಿ ಅಂತ ಒಂದೊಂದೂ ನೋಡ್ಕೊಳ್ಳಿ."

ಸ್ಟೇಷನ್ನಿನವರೆಗೆ ಜೊತೆಗೆ ನಡೆದೆ. ದಾರಿಯಲ್ಲಿ ಬದನೆಕಾಯಿಯನ್ನು ಹುಣಸೆಹುಳಿ ಹಾಕುವ ಮೊದಲೇ ಬೇಯಿಸಬೇಕು, ಹುಳಿ ಬಿದ್ದ ಮೇಲೆ ಬೇಯುವುದಿಲ್ಲ ಎಂದು ಹೇಳಿದಳು.

ಹಿಂದಿರುಗುವಾಗ ಒಂದು ವಿಷಯ ಹೊಳೆಯಿತು. ಆ ಮೊಸರನ್ನದಲ್ಲಿ ಏನೂ ಇರಲಿಲ್ಲ ಎಂಬುದನ್ನು ನಾನು ಪರೀಕ್ಷಿಸಲು ಇದ್ದದ್ದು ಒಂದೇ ದಾರಿ: ಕುಡಿಯುವುದು. ಕುಡಿದರೆ ಅವಳು ಹೇಳಿದ್ದು ನಿಜವೋ ಸುಳ್ಳೋ ತಿಳಿಯುತ್ತಿತ್ತು, ನಾನು ಹೇಳಿದ್ದು ಸುಳ್ಳಾಗುತ್ತಿತ್ತು. ಈ ಲೆಕ್ಕವನ್ನು ಬಹಳ ಹೊತ್ತು ಮನಸ್ಸಿನಲ್ಲಿ ಆಡಿಸಿದೆ. ಕುಡಿಯುವ ಮನಸ್ಸು ಇಂಥ ಒಳ್ಳೆಯ ಕಾರಣಗಳನ್ನೇ ಹುಡುಕುತ್ತಿರುತ್ತದೆ ಎಂಬ ಅನುಮಾನವೂ ಬಂತು. ನನ್ನ ಮೇಲೇ ಬಂದ ಅನುಮಾನವಾದ್ದರಿಂದ ಅದನ್ನು ತಕ್ಷಣ ನಂಬಿದೆ. ಮಹಡಿ ಹತ್ತಿ ವಾರ್ಡನ್‌ಗೆ, ನನ್ನ ಹಾಸಿಗೆಯನ್ನು ಇನ್ನೂ ಕೆಲವು ತಿಂಗಳು ಬೇರೆಯವರಿಗೆ ಕೊಡಬೇಡಿ ಎಂದೆ.

"ಬೇಡ ಅಂದ್ರಾ?"

"ಈಗಲೇ ಬೇಡ ಅಂದ್ರು."

"ಊಟ?"

"ಇಬ್ಬರೂ ಮಾಡಿದೆವು."

"ಯಾರು ಮೊದಲು?"

"ಹುಳಿಯನ್ನ ನಾನು. ಮೊಸರನ್ನವೂ ನಾನೇ."

"ಸರಿಯಾದ ಆಳು ಸಾರ್ ಅವರು," ಎಂದು ವಾರ್ಡನ್ ಮೊದಲ ಬಾರಿಗೆ ನಕ್ಕರು.

ಮುಂದಿನ ಭಾನುವಾರ ಅಡ್ಯಾರಿಗೆ ಹೋದೆ. ಅವಳು ಬಾಗಿಲು ತೆಗೆದು, ಉಸಿರು ತಾಗುವಷ್ಟು ಹತ್ತಿರ ನಿಂತು, ಆಮೇಲೆ ಪಕ್ಕಕ್ಕೆ ಸರಿದಳು. ಹೇಳಿದಂತೆ ಅಡುಗೆಮನೆಯಲ್ಲಿ ನಿಂತೆ. ಬೇಳೆ, ಅರಿಶಿನ, ಎಣ್ಣೆಯ ಹನಿ, ಒಂದೊಂದನ್ನೂ ನನಗೆ ಕಾಣುವಂತೆ ಎತ್ತಿ ಹಾಕಿದಳು. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಬೇಸರ ಬಂತು. ಅವಳು ಈಳಿಗೆಮಣೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿ, ತೆಂಗಿನಕಾಯಿ ತುರಿಯುವುದು ಬರುತ್ತದೆಯೇ ಎಂದು ಕೇಳಿದಳು.

ಬರುತ್ತದೆ ಎಂದೆ.

ನಂಬಲಿಲ್ಲ. ನಾನು ಒಂದು ಹೋಳು ಮುಗಿಸುವವರೆಗೂ ಪಕ್ಕದಲ್ಲೇ ನಿಂತು ನೋಡಿದಳು. ಆಮೇಲೆ ಒಲೆಯ ಕಡೆ ತಿರುಗಿದಳು.